ಮಾವನಿಂದ ಬೈಸಿಕೊಂಡವರು

ನನ್ನ ಸೋದರಮಾವ ಯಾರನ್ನಾದರೂ ಬಾಯಿ ತುಂಬ ಹೊಗಳಿದರೆಂದರೆ ಆ ಮನುಷ್ಯನ ಕತೆ ಅಲ್ಲಿಗೆ ಮುಗಿಯಿತೆಂದೇ ಅರ್ಥ! ಇದನ್ನು ನಾನು ಸ್ವಂತ ಅನುಭವದಿಂದ ಹೇಳುತ್ತಿದ್ದೇನೆ. ನನ್ನನ್ನು ಅವರು ತೊಟ್ಟಿಲಿನಿಂದಲೇ ಹೊಗಳುತ್ತ ಬಂದವರು. "ನೀನು ಒಳ್ಳೆ ಹುಡುಗ ಕಣೋ" ಎಂದು ಅವರು ತಲೆ ಸವರಿದಾಗಲೆಲ್ಲ ನನ್ನ ತಾಯಿ ಒಳಗೆ ಹೋಗಿ ಕಣ್ಣೊರೆಸಿಕೊಳ್ಳುತ್ತಿದ್ದಳು. ತನ್ನ ತಮ್ಮನಿಂದ ಒಂದು ಬೈಗುಳವನ್ನೂ ಸಂಪಾದಿಸಲಾರದ ಮಗ ಮುಂದೆ ಏನಾದಾನು ಎಂಬ ಚಿಂತೆ ಆಕೆಗೆ.

ನನ್ನ ಅಣ್ಣನಿಗೆ ಹೆಣ್ಣು ನೋಡಲು ಮಾಲೂರಿನ ಹತ್ತಿರದ ಲಕ್ಕೂರಿಗೆ ಹೋಗಿದ್ದೆವು. ಹುಡುಗಿ ಬಂದು ಚಾಪೆಯ ಮೇಲೆ ಕೂತಳು. ಮಾವ ಕನ್ನಡಕ ಸರಿಪಡಿಸಿಕೊಂಡು ನೋಡಿದರು. ಆಮೇಲೆ ಇಡೀ ಮನೆಗೆ ಕೇಳುವಂತೆ, "ಇದೇನ್ರೀ ಇದು, ಹುಣಸೆ ಕಡ್ಡೀಗೆ ಸೀರೆ ಸುತ್ತಿ ಕೂರಿಸಿದ್ದೀರಿ! ಈ ಕೈಲಿ ಮುದ್ದೆ ತಿರುವಿದ ಹಾಗೇ ಬಿಡಿ!" ಎಂದರು. ಹುಡುಗಿಯ ತಂದೆ ಎದ್ದು ನಿಂತು ಮೂಲೆಯಲ್ಲಿದ್ದ ದೊಣ್ಣೆಯ ಕಡೆ ಕಣ್ಣು ಹಾಯಿಸಿದರು. ಅತ್ತೆ ಗಾಬರಿಯಿಂದ ಅಡ್ಡ ಬಂದು, "ಕೂತ್ಕೊಳ್ರಣ್ಣ, ಕೂತ್ಕೊಳ್ರಿ. ಅವರಿಗೆ ಒಪ್ಪಿಗೆ ಆಯ್ತು. ತಾಂಬೂಲ ತೆಗೀರಿ!" ಎಂದಳು. ಆ ಹುಡುಗಿಯೇ ಈಗ ನನ್ನ ಅತ್ತಿಗೆ. "ನಿಮ್ಮ ಮಾವ ನನ್ನನ್ನ ಬೈದಷ್ಟು ಚೆನ್ನಾಗಿ ನಿಮ್ಮಣ್ಣ ಒಂದಿನಾನೂ ಹೊಗಳಲಿಲ್ಲ" ಎಂದು ಆಕೆ ಈಗಲೂ ಅನ್ನುತ್ತಾಳೆ.

ಮಾವನಿಗೆ ಈ ಗುಣ ಬಂದದ್ದು ಕಸುಬಿನಿಂದ. ಅವರು ಶ್ರೀನಿವಾಸಪುರದ ಯಲ್ದೂರಿನ ಸುತ್ತಮುತ್ತ ಮಾವಿನ ತೋಟಗಳನ್ನು ಗುತ್ತಿಗೆ ಹಿಡಿಯುತ್ತಿದ್ದರು. ಮರದಲ್ಲಿ ಬರೀ ಹೂವು ಇರುವಾಗಲೇ, ಬೇಸಗೆಗೆ ಇಲ್ಲಿ ಎಷ್ಟು ಹಣ್ಣು ಇಳಿಯುತ್ತದೆ ಎಂದು ಹೇಳಬಲ್ಲ ಕಣ್ಣು ಅವರದು. ಆದರೆ ಆ ಕಸುಬಿನಲ್ಲಿ ಒಂದು ಕಟ್ಟಳೆ. ತುಂಬು ಹೂವಿನ ಮರದ ಕೆಳಗೆ ನಿಂತು ಯಾರೂ "ಚೆನ್ನಾಗಿದೆ" ಅನ್ನಬಾರದು. ಅಂದರೆ ಮರಕ್ಕೆ ಕಣ್ಣು ತಾಕುತ್ತದೆ, ಹೂವು ಉದುರುತ್ತದೆ. ಆದ್ದರಿಂದ ಮಾವ ಒಳ್ಳೆಯ ಮರ ಕಂಡ ಕೂಡಲೇ "ಇದು ಹೂವೇನಯ್ಯಾ? ಬೂದಿ ಚೆಲ್ಲಿದ ಹಾಗಿದೆ! ಕಡಿದು ಒಲೆಗೆ ಹಾಕು" ಎಂದು ಉಗಿಯುತ್ತಿದ್ದರು. ತೋಟದವನು ಸಂತೋಷದಿಂದ ಎಳನೀರು ತರಲು ಓಡುತ್ತಿದ್ದ. ತೋಟದಲ್ಲಿ ಕಲಿತ ಈ ನಾಲಿಗೆಯನ್ನು ಮಾವ ತೋಟದಲ್ಲೇ ಬಿಟ್ಟು ಬರಬಹುದಿತ್ತು. ಬರಲಿಲ್ಲ. ಹೆಂಡತಿ, ಎತ್ತು, ನೆಂಟರ ಮಕ್ಕಳು, ಮನೆದೇವರು, ಎಲ್ಲರಿಗೂ ಅದೇ ಮರ್ಯಾದೆ!

ಇಂಥವರು ಫುಟ್‌ಬಾಲಿಗೆ ಬಂದು ಸೇರಿಕೊಂಡದ್ದು ನನ್ನ ಗ್ರಹಚಾರ. ಆಗ ನಾನು ಕೋಲಾರದಲ್ಲಿ ಮಾವನ ಮನೆಯಲ್ಲೇ ಇದ್ದುಕೊಂಡು ಕಾಲೇಜಿನಲ್ಲಿ ಓದುತ್ತಿದ್ದೆ. ಓದುತ್ತಿದ್ದೆ ಎನ್ನುವುದು ಮನೆಯವರ ನಂಬಿಕೆ. ನಾನು ಫುಟ್‌ಬಾಲ್ ಆಡುತ್ತಿದ್ದೆ. ಒಂದು ಸಂಜೆ ಮಾವ ನನ್ನನ್ನು ಹುಡುಕಿಕೊಂಡು ಮೈದಾನಕ್ಕೆ ಬಂದರು. ಸ್ವಲ್ಪ ಹೊತ್ತು ಕೊಡೆಯ ಮೇಲೆ ಭಾರ ಬಿಟ್ಟು ನಿಂತು ನೋಡಿ, ನನ್ನನ್ನು ಗೆರೆಯ ಹತ್ತಿರ ಕರೆದರು.

"ಎಲ್ಲಾ ಚೆಂಡಿನ ಹಿಂದೆ ಬಿದ್ದವ್ರೆ. ಆ ಇಬ್ಬರು ಯಾಕೋ ಹಿಂದೆ ಸುಮ್ನೆ ನಿಂತವ್ರೆ?"

"ಅವರು ಬ್ಯಾಕು ಮಾವ. ನುಗ್ಗಿ ಬಂದೋರನ್ನ ತಡೆಯೋದು ಅವರ ಕೆಲಸ."

"ಅಂದ್ರೆ ಕಾವಲು ಅನ್ನು. ಮತ್ತೆ ನೀವೆಲ್ಲಾ?"

"ನಾವು ಗೋಲು ಹೊಡೆಯೋರು."

"ಅಂದ್ರೆ ಕಾಯಿ ಕದಿಯೋರು!" ಎಂದರು ಮಾವ. ಅಲ್ಲಿಗೆ ನಮ್ಮ ಸ್ಥಾನ ತೀರ್ಮಾನವಾಯಿತು.

ಅಂದಿನಿಂದ ಮಾವಿನ ಕೊಯ್ಲಿನ ಕಾಲ ಬಿಟ್ಟರೆ ಉಳಿದೆಲ್ಲ ಸಂಜೆಗಳೂ ಅವರು ಮೈದಾನದಲ್ಲೇ. ಅವರು ಜನ್ಮದಲ್ಲಿ ಚೆಂಡನ್ನು ಕಾಲಿನಿಂದ ಮುಟ್ಟಿದವರಲ್ಲ. ನೋಡುತ್ತಿದ್ದದ್ದು ಹಿಂದೆ ನಿಲ್ಲುವ ಹುಡುಗರನ್ನು ಮಾತ್ರ. ಒಂದು ಸಲ ನಾನು ಮೂವರನ್ನು ದಾಟಿ ಗೋಲು ಹೊಡೆದು, ಎದೆಯುಬ್ಬಿಸಿಕೊಂಡು ಅವರ ಮುಂದೆ ಬಂದು ನಿಂತೆ. "ಹೆಂಗಿತ್ತು ಮಾವ?" ಎಂದೆ. "ಯಾವುದೋ?" ಎಂದರು!

ಪ್ರತಿವರ್ಷ ಹೊಸ ಹುಡುಗರು ಸೇರಿದಾಗ ಬ್ಯಾಕುಗಳನ್ನು ಆರಿಸಬೇಕು. ನಮ್ಮ ಡ್ರಿಲ್ ಮೇಷ್ಟ್ರು ಅದಕ್ಕೆ ಓಟ ಓಡಿಸುವರು, ಬಸ್ಕಿ ಹೊಡೆಸುವರು. ಮಾವನ ಪರೀಕ್ಷೆಯೇ ಬೇರೆ. ಹುಡುಗರು ಸಾಲಾಗಿ ನಿಂತಿರುವಾಗ ಇದ್ದಕ್ಕಿದ್ದ ಹಾಗೆ ಕೊಡೆಯನ್ನು ಫಟ್ಟೆಂದು ಬಿಚ್ಚಿಕೊಂಡು, ಹಾಯಲು ಬರುವ ಗೂಳಿಯಂತೆ ಅವರ ಮೇಲೆ ನುಗ್ಗುವುದು! ಒಬ್ಬ ಹಾಸ್ಟೆಲಿನವರೆಗೂ ಓಡಿ ಹೋದ. ಇನ್ನೊಬ್ಬ ಅಲ್ಲೇ ಕಣ್ಣು ಮುಚ್ಚಿ ದೇವರನ್ನು ಕರೆದ. ಯಾರು ಅಲುಗದೆ ನಿಂತು, ಕೊಡೆಯನ್ನು ಬಿಟ್ಟು ಮಾವನ ಪಾದಗಳನ್ನು ನೋಡುತ್ತಾನೋ ಅವನೇ ಬ್ಯಾಕು. ಕೊಡೆ ಎತ್ತ ಬೇಕಾದರೂ ತಿರುಗೀತು, ಕಾಲು ಸುಳ್ಳು ಹೇಳುವುದಿಲ್ಲವಂತೆ! ಮೇಷ್ಟ್ರಿಗೆ ಮೊದಲು ಸಿಟ್ಟು ಬಂತು. ಆಮೇಲೆ ಮಾವ ಆರಿಸಿದ ಹುಡುಗರು ಗೋಡೆಯಂತೆ ನಿಂತದ್ದನ್ನು ಕಂಡು ತಾವೇ ಕುರ್ಚಿ ಹಾಕಿಸಿಕೊಟ್ಟರು.

ಆರಿಸಿದ ಮೇಲೆ ಬೈಗುಳ ಶುರು. ಬೈಗುಳದ ಜೊತೆಗೆ ಬೇಯಿಸಿದ ಅವರೆಕಾಯಿ, ಬೆಲ್ಲ, ಕಡಲೆಕಾಯಿ. "ತಿನ್ರೋ, ದಂಡಪಿಂಡಗಳಾ!" ಎಂದು ಕೈಗೆ ಸುರಿಯುವರು. ನಮಗೆ, ಅಂದರೆ ಒಳ್ಳೆಯ ಹುಡುಗರಿಗೆ, ಒಂದು ಕಾಳೂ ಇಲ್ಲ.

ನಾನು ಕಾಲೇಜಿನಲ್ಲಿದ್ದ ಕೊನೆಯ ವರ್ಷ ಚಲಪತಿ ಬಂದ. ಮುಳಬಾಗಿಲಿನಿಂದಾಚೆ, ಚಿತ್ತೂರು ಸೀಮೆಯ ಅಂಚಿನ ಹಳ್ಳಿಯವನು. ಮನೆಯ ಮಾತು ತೆಲುಗು. ತಂದೆಯಿಲ್ಲ, ತಾಯಿ ರಾಗಿ ಹೊಲ ಮಾಡಿಕೊಂಡು ಓದಿಸುತ್ತಿದ್ದಳು. ಉದ್ದನೆಯ ಸಣಕಲು ಹುಡುಗ, ಮಾತು ಕಡಿಮೆ. ಮಾವ ಕೊಡೆ ಬಿಚ್ಚಿ ನುಗ್ಗಿದಾಗ ಅವನು ಅಲುಗಲಿಲ್ಲ. ಅಷ್ಟೇ ಅಲ್ಲ, ಮಾವ ಹತ್ತಿರ ಬಂದಾಗ ಒಂದು ಹೆಜ್ಜೆ ಮುಂದಿಟ್ಟು, "ಕಾಲು ಎಡವೀತು ಸ್ವಾಮಿ, ಮೆಲ್ಲಗೆ" ಎಂದು ಅವರ ತೋಳು ಹಿಡಿದುಕೊಂಡ!

ಮಾವ ತೋಳು ಕೊಡವಿಕೊಂಡು ಕೊಡೆ ಮಡಿಸಿದರು. ಆಮೇಲೆ ಸುರುವಾಯಿತು ನೋಡಿ! "ಲೇ, ಕಂಬಕ್ಕೆ ಪಂಚೆ ಉಡಿಸಿದ ಹಾಗಿದ್ದೀಯ! ನಿನ್ನ ಯಾರೋ ಕಾಲೇಜಿಗೆ ಸೇರಿಸಿದ್ದು? ಹೊಲದಲ್ಲಿ ನಿಲ್ಲಿಸೋ ಬೆಚ್ಚೀಗೂ ನಿನಗಿಂತ ಚುರುಕಿರ್ತದೆ!" ಅಷ್ಟು ಸೊಗಸಾದ ಬೈಗುಳವನ್ನು ನಾವು ಅದುವರೆಗೆ ಕೇಳಿರಲಿಲ್ಲ. ನಮಗೆಲ್ಲ ಹೊಟ್ಟೆಕಿಚ್ಚಾಯಿತು.

ಚಲಪತಿ ಮಾತ್ರ ತಲೆ ತಗ್ಗಿಸಿದ. ನಾವು ಅವನಿಗೆ ಎಲ್ಲ ಬಿಡಿಸಿ ಹೇಳಿದೆವು. ತೋಟದ ಕತೆ ಹೇಳಿದೆವು, ಅತ್ತಿಗೆಯ ಕತೆ ಹೇಳಿದೆವು. ಅವನು ಕೇಳಿ, "ನನಗೆ ಬೇಜಾರಾಗಬಾರ್ದು ಅಂತ ಹೇಳ್ತೀರ. ನಮ್ಮೂರಲ್ಲಿ ಬೈದ್ರೆ ಬೈದಂಗೇ ಕಣ್ರೋ" ಎಂದ. ಬೇರೆ ಹುಡುಗರು ಬೈಸಿಕೊಂಡು ನಗುತ್ತಿದ್ದರು. ಅವನು ಬೈಸಿಕೊಂಡು, ಎಲ್ಲರೂ ಹೋದ ಮೇಲೂ ಒಬ್ಬನೇ ಚೆಂಡು ಒದೆಯುತ್ತ ಅಭ್ಯಾಸ ಮಾಡುತ್ತಿದ್ದ. ಅದನ್ನು ಕಂಡು ಮಾವ ಇನ್ನೂ ಹೆಚ್ಚು ಬೈದರು.

ಆ ಸಲ ಚಿನ್ನದ ಗಣಿಯ ಕಡೆಯ ಒಂದು ತಂಡದ ಜೊತೆ ನಮ್ಮ ಪಂದ್ಯ. ಅವರೆಲ್ಲ ಬೂಟು ಹಾಕಿದವರು, ನಾವು ಬರಿಗಾಲು. ಗಣಿಯವರ ಮೇಲೆ ನಮ್ಮ ಕಾಲೇಜು ಗೆದ್ದದ್ದನ್ನು ಕಂಡವರೇ ಇರಲಿಲ್ಲ. ಅಂದೂ ನಾವು ಗೆಲ್ಲಲಿಲ್ಲ. ಆದರೆ ಸೋಲಲೂ ಇಲ್ಲ! ಅವರು ಅಲೆಯಲೆಯಾಗಿ ಬಂದರು, ಚಲಪತಿ ನಿಂತೇ ಇದ್ದ. ಬೂಟಿನ ತುಳಿತಕ್ಕೆ ಹೆಬ್ಬೆರಳಿನ ಉಗುರು ಎದ್ದುಹೋಗಿ ರಕ್ತ ಸುರಿಯುತ್ತಿದ್ದರೂ ಒಂದು ಚೆಂಡನ್ನೂ ಹಿಂದಕ್ಕೆ ಬಿಡಲಿಲ್ಲ.

ಪಂದ್ಯ ಮುಗಿದ ಕೂಡಲೇ ಮಾವ ಮೈದಾನದೊಳಕ್ಕೆ ಓಡಿದರು. ತಮ್ಮ ಮೇಲುವಸ್ತ್ರ ಹರಿದು ಅವನ ಬೆರಳಿಗೆ ಕಟ್ಟುತ್ತ, ಇಡೀ ಜನದ ಮುಂದೆ ಬೈಯತೊಡಗಿದರು. "ಇದೂ ಒಂದು ಆಟವೇನೋ? ನಿನ್ನ ಕೈಲಿ ಏನೂ ಆಗಲ್ಲ ಕಣೋ! ಊರಿಗೆ ಹೋಗಿ ಎಮ್ಮೆ ಕಾಯಿ! ನಿನ್ನ ನಂಬ್ಕೊಂಡೋರು ಕೆಟ್ಟರು!" ಬೈಯುವಾಗ ಅವರ ಕಣ್ಣಲ್ಲಿ ನೀರಿತ್ತು. ಚಲಪತಿ ತಲೆ ತಗ್ಗಿಸಿ ಬೆರಳು ನೋಡಿಕೊಳ್ಳುತ್ತಿದ್ದ. ಅವನು ಆ ಕಣ್ಣನ್ನು ನೋಡಲಿಲ್ಲ.

ಮನೆಗೆ ಬಂದು ಊಟಕ್ಕೆ ಕೂತಾಗ ಮಾವ ಮೊದಲು ಕಿಟಕಿ ಮುಚ್ಚಿಸಿದರು. ಆಮೇಲೆ ಅತ್ತೆಯ ಕಿವಿಯ ಹತ್ತಿರ ಬಗ್ಗಿ, "ಲೇ, ಆ ಹುಡುಗ ಬಲಿಯಲಿ ನೋಡು. ಇಡೀ ಮೈಸೂರು ಸಂಸ್ಥಾನದಲ್ಲಿ ಅಂಥ ಬ್ಯಾಕು ಇರಲ್ಲ. ಯಾರಿಗೂ ಹೇಳಬೇಡ" ಎಂದು ಪಿಸುಗುಟ್ಟಿದರು. ಪಕ್ಕದ ಎಲೆಯಲ್ಲಿ ಕೂತಿದ್ದ ನನ್ನ ಕಡೆ ತಿರುಗಿ, "ನೀನೂ ಅಷ್ಟೇ. ಹುಷಾರ್!" ಎಂದು ಗದರಿಸಿದರು.

ಅದು ಯುದ್ಧದ ಕಾಲ. ಬೇಸಗೆಯಲ್ಲಿ ಸೈನ್ಯಕ್ಕೆ ಜನ ಸೇರಿಸುವವರು ಕೋಲಾರಕ್ಕೆ ಬಂದು ಡೇರೆ ಹಾಕಿದರು. ಮಾವ ಯಲ್ದೂರಿನಲ್ಲಿ ಕೊಯ್ಲು ನೋಡಿಕೊಳ್ಳುತ್ತಿದ್ದರು. ಚಲಪತಿ ಹೋಗಿ ಹೆಸರು ಕೊಟ್ಟುಬಿಟ್ಟ. "ಯಾಕೋ?" ಎಂದು ನಾವು ಹಿಡಿದು ಅಲುಗಾಡಿಸಿ ಕೇಳಿದೆವು. "ಅವರು ಅಷ್ಟು ಬಲ್ಲೋರು. ಅವರೇ ನನ್ನ ಕೈಲಿ ಆಗಲ್ಲ ಅಂದ್ರು. ಇಲ್ಲಿ ಪ್ರಯೋಜನ ಇಲ್ದೋನು ಅಲ್ಲಾದ್ರೂ ಏನಾದ್ರೂ ಕಲೀತೀನೇನೋ" ಎಂದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಮಾವನ ಮಾತನ್ನು ಅಕ್ಷರಶಃ ನಂಬಿದವನು ಈ ಪ್ರಪಂಚದಲ್ಲಿ ಅವನೊಬ್ಬನೇ.

ಸುದ್ದಿ ತಿಳಿದು ಮಾವ ಕೊಯ್ಲನ್ನು ಅರ್ಧಕ್ಕೇ ಬಿಟ್ಟು ಬಂದರು. ಅವರು ಸ್ಟೇಷನ್ ಮುಟ್ಟುವ ಹೊತ್ತಿಗೆ ನಮ್ಮ ಪುಟ್ಟ ರೈಲು ಹೊರಡಲು ಹೊಗೆ ಬಿಡುತ್ತಿತ್ತು. ಚಲಪತಿ ಬಾಗಿಲಲ್ಲಿ ನಿಂತಿದ್ದ. ನಾನು ಮಾವನ ಕಿವಿಯಲ್ಲಿ, "ಈಗಲಾದ್ರೂ ಹೇಳಿ ಮಾವ. ಒಂದು ಮಾತು" ಎಂದು ಅಂಗಲಾಚಿದೆ. ಅವರು ಬಾಗಿಲ ಹತ್ತಿರ ಹೋದರು. ಅವನ ಷರಟಿನ ಗುಂಡಿ ಬಿಚ್ಚಿತ್ತು, ಅದನ್ನು ಹಾಕುತ್ತ, "ಗುಂಡಿ ಹಾಕ್ಕೊಳ್ಳೋಕೆ ಬರಲ್ಲ, ನೀನು ಯುದ್ಧ ಮಾಡೋನಾ? ಮುಠ್ಠಾಳ!" ಎಂದರು. ಚಲಪತಿ ಬಗ್ಗಿ ಅವರ ಕಾಲು ಮುಟ್ಟಿ, "ಕಲಿತ್ಕೊಂಡು ಬರ್ತೀನಿ ಸ್ವಾಮಿ" ಎಂದ. ರೈಲು ಹೊರಟಿತು.

ನನಗೆ ತಡೆಯಲಾರದಷ್ಟು ಕೋಪ ಬಂದಿತ್ತು. "ಏನ್ ಮಾವ ನೀವು!" ಎಂದೆ. "ಯುದ್ಧಕ್ಕೆ ಹೋಗೋನನ್ನ ಹೊಗಳಿ ಕಳಿಸ್ತಾರೇನೋ? ಕಣ್ಣು ತಾಕಿದ್ರೆ?" ಎಂದರು. ಅವರು ಅದನ್ನು ಮನಸಾರೆ ನಂಬಿದ್ದರು.

ಬರ್ಮಾದ ಕಡೆ ಅವನು ಕಾಣೆಯಾಗಿದ್ದಾನೆಂದು ತಾಯಿಗೆ ಸರ್ಕಾರದ ತಂತಿ ಬಂತು. ಅದಾದ ಎಷ್ಟೋ ತಿಂಗಳ ಮೇಲೆ ಅವನ ಜೊತೆಗಿದ್ದ ನಮ್ಮ ಕ್ಯಾಲನೂರಿನ ಸಿಪಾಯಿಯೊಬ್ಬ ಕಾಲು ಕಳೆದುಕೊಂಡು ಊರಿಗೆ ಮರಳಿ, ಮಾವನನ್ನು ಕಂಡ. "ಹಿಂದಕ್ಕೆ ಬರೋವಾಗ ಹೊಳೆ ಅಡ್ಡ ಬಂತು ಸ್ವಾಮಿ. ನೀವೆಲ್ಲಾ ದಾಟ್ರಿ, ನಾನು ತಡೀತೀನಿ ಅಂತ ಹಿಂದೆ ನಿಂತ್ಕೊಂಡ. ನಾವೆಲ್ಲಾ ದಾಟಿದ್ವಿ. ಅವನು ಬಿದ್ದಿದ್ದು ನಾನೇ ಈ ಕಣ್ಣಲ್ಲಿ ನೋಡ್ದೆ" ಎಂದ. ಮಾವ ಎದ್ದು ಒಳಗೆ ಹೋಗಿ ಮಲಗಿದರು.

ಅದಾದ ಮೇಲೆ ಅವರು ಬೈಯುವುದನ್ನು ಬಿಟ್ಟರು. ನೀವು ನಗಬಹುದು, ಆದರೆ ಮನೆಯಲ್ಲಿ ನಗುವವರು ಯಾರೂ ಇರಲಿಲ್ಲ. "ಸಾರು ಚೆನ್ನಾಗಿದೆ" ಎಂದು ಅವರು ಅಂದ ದಿನ ಅತ್ತೆ ಸೌಟು ಕೆಳಗಿಟ್ಟು ಅತ್ತುಬಿಟ್ಟಳು. ತೋಟದಲ್ಲಿ ಹೂವು ನೋಡಿ "ಒಳ್ಳೆ ಮರ" ಎಂದರು. ತೋಟದವನು ಹೌಹಾರಿ ಮರಕ್ಕೆ ಉಪ್ಪು ನಿವಾಳಿಸಿ ಎಸೆದ. ಮೈದಾನದ ಕಡೆ ಅವರು ತಲೆಯನ್ನೂ ಹಾಕಲಿಲ್ಲ.

ಒಂದು ಬೆಳಗ್ಗೆ ನನ್ನನ್ನು ಕರೆದು, "ಅವನ ತಾಯಿಗೆ ನಿಜ ಹೇಳಬೇಕು. ಆಕೆ ಇನ್ನೂ ಕಾಯ್ತಾವ್ಳೆ. ನೀನೂ ಬಾ" ಎಂದರು. ಮುಳಬಾಗಿಲಿನವರೆಗೆ ಬಸ್ಸು, ಅಲ್ಲಿಂದ ಗಾಡಿ. ದಾರಿಯುದ್ದಕ್ಕೂ ಹೇಗೆ ಹೇಳುವುದೆಂದು ತಮ್ಮಷ್ಟಕ್ಕೆ ಗೊಣಗಿಕೊಳ್ಳುತ್ತಿದ್ದರು.

ಆ ತಾಯಿ ಜಗಲಿಯ ಮೇಲೆ ರಾಗಿ ಕೇರುತ್ತಿದ್ದಳು. ನಾವು ಯಾರೆಂದು ಹೇಳಿದ ಕೂಡಲೇ ಮೊರ ಬದಿಗಿಟ್ಟು ಎದ್ದು ನಿಂತಳು. ತೆಲುಗು ಬೆರೆತ ಕನ್ನಡದಲ್ಲಿ ಕೇಳಿದಳು.

"ನೀವೇನಾ ಆ ಸ್ವಾಮಿ? ನಿಮ್ಮ ಮಾತೇ ಹೇಳ್ತಿದ್ದ. 'ನನ್ನ ಕೈಲಿ ಏನೂ ಆಗಲ್ಲ ಅಂತ ಸ್ವಾಮಿ ಅಂತಾರಮ್ಮಾ' ಅಂತಿದ್ದ. ನಿಜವಾ ಸ್ವಾಮಿ? ನನ್ನ ಬಿಡ್ಡ ಅಷ್ಟು ಕೈಲಾಗದೋನಾ?"

ಮಾವ ಜಗಲಿಯ ಮೇಲೆ ಕುಸಿದು ಕೂತರು. ಹೇಳಬೇಕೆಂದು ಬಂದದ್ದು ಬಾಯಿಗೆ ಬರಲಿಲ್ಲ. ಬಂದದ್ದು ಹೊಗಳಿಕೆ. "ಇಲ್ಲಮ್ಮಾ, ಸುಳ್ಳು! ನಾನು ಹೇಳಿದ್ದೆಲ್ಲಾ ಸುಳ್ಳು! ಅಂಥ ಹುಡುಗನ್ನ ನಾನು ನೋಡಿಲ್ಲ. ಬೂಟು ಹಾಕ್ಕೊಂಡೋರು ಹತ್ತು ಜನ ಬಂದರೂ ಒಬ್ಬನೇ ನಿಂತಿದ್ದ. ಬಂಗಾರದಂಥಾ ಹುಡುಗ. ಧೈರ್ಯ ಅಂದ್ರೆ ಅವನದು. ನನ್ನ ಹೊಟ್ಟೇಲಿ ಹುಟ್ಟಬೇಕಾಗಿತ್ತು..." ಜೀವಮಾನವೆಲ್ಲ ಕಟ್ಟಿಟ್ಟುಕೊಂಡದ್ದು ಒಟ್ಟಿಗೆ ಹರಿಯುತ್ತಿತ್ತು. ಅವರಿಗೇ ಅದನ್ನು ನಿಲ್ಲಿಸಲಾಗುತ್ತಿರಲಿಲ್ಲ.

ಆಕೆಯ ಮುಖ ಮೊದಲು ಅರಳಿತು. ಆಮೇಲೆ ಇದ್ದಕ್ಕಿದ್ದಂತೆ ಹೆದರಿಕೆ ಬಂತು. ಎರಡೂ ಕೈ ಮುಂದೆ ಚಾಚಿ, "ವದ್ದು ಸ್ವಾಮಿ, ವದ್ದು! ಅಷ್ಟು ಹೊಗಳಬೇಡಿ. ಇನ್ನೂ ಮನೆಗೆ ಬರಬೇಕಾದ ಮಗ. ಕಣ್ಣು ತಾಕ್ತದೆ!" ಎಂದಳು.

ಮಾವನ ಮಾತು ನಿಂತಿತು. ಅವರು ಪಂಚೆಯ ಅಂಚಿನಿಂದ ಮುಖ ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡರು.

"ಹೌದಮ್ಮಾ, ನಿನ್ನ ಮಗ ಸೋಮಾರಿ" ಎಂದರು. "ಶುದ್ಧ ಕೈಲಾಗದೋನು. ಹೊತ್ತಿಗೆ ಸರಿಯಾಗಿ ಮನೆಗೆ ಬರೋದೂ ಗೊತ್ತಿಲ್ಲ ಅವನಿಗೆ. ಬರಲಿ, ಮಾಡ್ತೀನಿ!"

ಆಕೆ ಸಮಾಧಾನದಿಂದ ನಕ್ಕು, ಮತ್ತೆ ಮೊರ ಎತ್ತಿಕೊಂಡು ರಾಗಿ ಕೇರತೊಡಗಿದಳು. ಮಾವ ಬೈಯುತ್ತಲೇ ಇದ್ದರು. ನಾನು ಎದ್ದು ಗಾಡಿಯ ಹತ್ತಿರ ಹೋಗಿ ನಿಂತೆ. ಅಲ್ಲಿ ಕೂತು ಕೇಳುವುದು ನನ್ನಿಂದಾಗಲಿಲ್ಲ.