ಮಾವನ ಕೊಡೆ, ಸರ್ಕಾರದ ಗೋಡೆ

ನಮ್ಮ ಸೋದರಮಾವನಿಗೆ ಗೋಡೆ ಕಂಡರೆ ತಡೆದುಕೊಳ್ಳುವುದಕ್ಕೇ ಆಗುತ್ತಿರಲಿಲ್ಲ. ದಯವಿಟ್ಟು ಬೇರೆ ಅರ್ಥ ಮಾಡಿಕೊಳ್ಳಬೇಡಿ! ಬೆಂಗಳೂರಿನ ಮಿಕ್ಕ ಗಂಡಸರ ತೊಂದರೆ ಅಲ್ಲ ಅದು. ಮಾವ ಗೋಡೆಯನ್ನು ಕೊಡೆಯ ತುದಿಯಿಂದ ಚುಚ್ಚುತ್ತಿದ್ದರು, ಅಷ್ಟೆ. ಗಾರೆ ಉದುರಿದರೆ ಒಂದು ಚಿಟಿಕೆ ತೆಗೆದುಕೊಂಡು, ನಶ್ಯದ ಹಾಗೆ ಬೆರಳಲ್ಲಿ ತಿಕ್ಕಿ, "ಮರಳು ಜಾಸ್ತಿ" ಎಂದು ತೀರ್ಪು ಕೊಟ್ಟು ಮುಂದಿನ ಗೋಡೆಗೆ ಹೋಗುತ್ತಿದ್ದರು.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಬಿ.ಎ. ಓದುವುದಕ್ಕೆಂದು ಊರಿನಿಂದ ಬಂದು ಜಯನಗರದ ಅವರ ಬಾಡಿಗೆ ಮನೆಯಲ್ಲಿದ್ದೆ. ಮನೆಯಲ್ಲಿ ಮಾವ, ಅತ್ತೆ, ನಾನು, ಮೂರೇ ಜನ. ಜಯನಗರವೆಂದರೆ ಆಗ ಅರ್ಧ ಮನೆ, ಅರ್ಧ ಬಯಲು. ಎಲ್ಲಿ ನೋಡಿದರೂ ಇಟ್ಟಿಗೆ ರಾಶಿ, ಮರಳ ಗುಡ್ಡೆ, ಏಳುತ್ತಿರುವ ಗೋಡೆ. ಅಂಥ ಮನುಷ್ಯನಿಗೆ ಇಂಥ ಬಡಾವಣೆ! ಸಕ್ಕರೆ ಕಾಯಿಲೆಯವರನ್ನು ಮಿಠಾಯಿ ಅಂಗಡಿಯಲ್ಲಿ ಕೂರಿಸಿದ ಹಾಗೆ. ಸಾಲದ್ದಕ್ಕೆ ಮಾವ ಸರ್ಕಾರಿ ಕಟ್ಟಡ ಕಟ್ಟಿಸುವ ಇಲಾಖೆಯೊಂದರಲ್ಲಿ ಓವರ್‌ಸೀಯರ್. ಇಲಾಖೆಯ ಹೆಸರು ಬೇಡ, ಬಿಡಿ. ಸಿಮೆಂಟಿಗೆ ಪರ್ಮಿಟ್ಟು ಬೇಕಾಗಿದ್ದ ಕಾಲ ಅದು. ಸರ್ಕಾರಿ ಕೆಲಸಕ್ಕೆಂದು ಹೊರಟ ಸಿಮೆಂಟು ದಾರಿಯಲ್ಲಿ ಮನಸ್ಸು ಬದಲಾಯಿಸಿ ಯಾರ್ಯಾರದೋ ಬಂಗಲೆಗೆ ಹೋಗಿಬಿಡುತ್ತಿತ್ತು ಎಂದರೆ ಮಿಕ್ಕಿದ್ದು ನಿಮಗೇ ಅರ್ಥವಾದೀತು.

"ಹುಚ್ಚು ಮನುಷ್ಯನಿಗೆ ಗಂಟು ಹಾಕಿದ್ರು ನನ್ನ!" ಎನ್ನುವುದು ಅತ್ತೆಯ ನಿತ್ಯದ ಮಂತ್ರ. ಅವರನ್ನು ತಪ್ಪು ಎನ್ನುವವರು ಯಾರು? ನನಗೆ ಬಂದ ಮೊದಲ ಸಂಬಂಧದ ಕತೆ ಕೇಳಿ. ಗಂಡಿನ ಮನೆ ನೋಡಿಕೊಂಡು ಬರಲು ಮಾವ, ಅತ್ತೆ ಬಸವನಗುಡಿಗೆ ಹೋಗಿದ್ದರು. ಹೊಸ ಮನೆ, ಹಾಲ್‌ನಲ್ಲಿ ಉಪ್ಪಿಟ್ಟು, ಗಂಡಿನ ತಂದೆ ಮನೆಯನ್ನು ಹೊಗಳಿಕೊಳ್ಳುತ್ತಿದ್ದಾರೆ. ಮಾವನ ಕೈ ಮೆಲ್ಲಗೆ ಕೊಡೆಯ ಕಡೆಗೆ ಹೋಯಿತು. ಅತ್ತೆ ಕಣ್ಣು ಬಿಟ್ಟು ಹೆದರಿಸುವಷ್ಟರಲ್ಲಿ ಚುಚ್ಚಿಯೇ ಬಿಟ್ಟರು. ಅಂಗೈಯಗಲದ ಗಾರೆ ಚಕ್ಕೆ ಎದ್ದು ನೇರವಾಗಿ ಬೀಗರಾಗಬೇಕಿದ್ದವರ ಉಪ್ಪಿಟ್ಟಿನ ತಟ್ಟೆಗೆ ಬಿತ್ತು!

"ಮೇಸ್ತ್ರಿ ನಿಮಗೆ ಮೋಸ ಮಾಡಿದಾನೆ, ಸಾರ್" ಎಂದರಂತೆ ಮಾವ, ತುಂಬ ಕನಿಕರದಿಂದ.

ಗಾರೆಯ ಜೊತೆ ಸಂಬಂಧವೂ ಉದುರಿತು. ಹುಡುಗನ ಫೋಟೋ ನೋಡಿದ್ದ ನಾನು ಒಳಗೊಳಗೇ ಮಾವನ ಕೊಡೆಗೆ ಕೈ ಮುಗಿದೆ.

ಇನ್ನು ದೀಪಾವಳಿಯ ಮೈಸೂರು ಪಾಕಿನ ಕತೆ. ಮಾವನ ಇಲಾಖೆಯ ದೊಡ್ಡ ಕಂಟ್ರಾಕ್ಟರೊಬ್ಬ ಒಂದು ಡಬ್ಬಿ ತುಂಬ ಕಳಿಸಿದ್ದ. ಮುಚ್ಚಳ ತೆಗೆದರೆ ಬೀದಿಗೆಲ್ಲ ಘಮ. ನಾನೂ ಅತ್ತೆಯೂ ಒಂದೊಂದು ತುಂಡಿಗೆ ಕೈ ಹಾಕಿದ್ದೆವು, ಅಷ್ಟರಲ್ಲಿ ಮಾವ ಬಂದರು.

"ಮುಟ್ಬೇಡಿ! ಇದರಲ್ಲಿರೋದು ತುಪ್ಪ ಅಂದ್ಕೊಂಡ್ರಾ? ಸ್ಕೂಲಿಗೆ ಹಾಕ್ಬೇಕಾಗಿದ್ದ ಸಿಮೆಂಟು ಕಣೇ ಅದು!"

ಹಬ್ಬದ ಮಡಿ ಪಂಚೆಯಲ್ಲೇ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿ ಕಂಟ್ರಾಕ್ಟರ ಮನೆಗೆ ಹೋದರು. ಅವನಿರಲಿಲ್ಲ. ಅವನ ಮುದಿ ತಾಯಿ ಇದ್ದಳು. ಯಾರೋ ಪುಣ್ಯಾತ್ಮ ಹಬ್ಬಕ್ಕೆ ಸಿಹಿ ತಂದಿದ್ದಾನೆ ಎಂದುಕೊಂಡ ಆಕೆ, "ಬರಿಗೈಲಿ ಕಳಿಸೋದುಂಟಾ? ಕೂತ್ಕೊಳಪ್ಪ" ಎಂದು ಬಲವಂತವಾಗಿ ಚಕ್ಕುಲಿ ತಿನ್ನಿಸಿದಳು. ಕಾಫಿ ಕೊಟ್ಟಳು. ಹೊರಡುವಾಗ ಒಂದು ಪೊಟ್ಟಣ ಕೋಡುಬಳೆಯನ್ನೂ ಕಟ್ಟಿಕೊಟ್ಟಳು. ವಯಸ್ಸಾದ ಹೆಂಗಸಿಗೆ ಬೇಡ ಎನ್ನಲು ಮಾವನಿಗೆ ನಾಲಿಗೆ ಬರಲಿಲ್ಲ. ಮನೆಗೆ ಬಂದವರು ಜಗಲಿಯ ಮೇಲೆ ಕುಸಿದು ಕೂತರು.

"ಏನಾಯ್ತೂಂದ್ರೆ?" ಅತ್ತೆ ಗಾಬರಿಯಾದರು.

"ಲಂಚ ತಿಂದ್ಬಿಟ್ನಲ್ಲೇ!"

ಅವತ್ತು ರಾತ್ರಿ ಊಟ ಮಾಡಲಿಲ್ಲ. ಕೋಡುಬಳೆ ಮಾತ್ರ ತುಂಬ ಚೆನ್ನಾಗಿತ್ತು.

ಆ ಕಂಟ್ರಾಕ್ಟರೇ ನಮ್ಮ ಮನೆಯ ಹತ್ತಿರದ ಪ್ರೈಮರಿ ಸ್ಕೂಲು ಕಟ್ಟುತ್ತಿದ್ದವನು. ಮೊದಲು ಆ ಕೆಲಸ ನೋಡಿಕೊಳ್ಳುತ್ತಿದ್ದವರು ಮಾವ. ಮೈಸೂರು ಪಾಕು ವಾಪಸ್ಸು ಹೋದ ಮೇಲೆ ಅವರನ್ನು ಬಿಡಿಸಿ, ಜರಗನಹಳ್ಳಿಯ ಆಚೆ ಎಲ್ಲೋ ಮೋರಿ ಕಟ್ಟಿಸಲು ಹಾಕಿದರು. ಸ್ಕೂಲು ಬೇಗ ಬೇಗ ಎದ್ದಿತು. ಪ್ರಾರಂಭೋತ್ಸವಕ್ಕೆ ಮಂತ್ರಿಗಳೇ ಬಂದರು. ಬೇಡ ಬೇಡವೆಂದರೂ ಮಾವ ಹೋದರು, ಹಿಂದೆಯೇ ನಾವೂ ಓಡಿದೆವು. ಮಂತ್ರಿಗಳು ಟೇಪು ಕತ್ತರಿಸಿ ಒಳಗೆ ಕಾಲಿಡುತ್ತಿದ್ದಾರೆ, ಪಕ್ಕದಲ್ಲಿ ಮಾವನ ಇಲಾಖೆಯ ದೊಡ್ಡ ಸಾಹೇಬರು, ಅವರ ಪಕ್ಕದಲ್ಲಿ ಮಲ್ಲಿಗೆ ಹಾರ ಹಿಡಿದ ಕಂಟ್ರಾಕ್ಟರು. ಮಾವ ಗೋಡೆಯನ್ನು ಚುಚ್ಚಿದರು. ಕೊಡೆ ಹೋಯಿತು. ಹೋಯಿತು. ಹೋಗುತ್ತಲೇ ಇತ್ತು! ಅರ್ಧ ಕೊಡೆ ಒಳಗೆ ಸೇರಿ, ಮಿಕ್ಕರ್ಧ ಬಾಗಿದ ಹಿಡಿಯ ಸಮೇತ ಗೋಡೆಯಿಂದ ಪ್ರಶ್ನಾರ್ಥಕ ಚಿಹ್ನೆಯ ಹಾಗೆ ಹೊರಗೆ ನಿಂತಿತು.

"ಏನ್ರೀ ಇದು?" ಮಂತ್ರಿಗಳು ಕೇಳಿದರು.

"ಮರಳು, ಸ್ವಾಮಿ."

"ಬರೀ ಮರಳಾ? ಮಿಕ್ಕಿದ್ದು?"

"ಮಿಕ್ಕಿದ್ದು ಬೇರೆಯವರ ಮನೇಲಿದೆ, ಸ್ವಾಮಿ."

ಮಂತ್ರಿಗಳು ನಕ್ಕರು. ಅವರು ನಕ್ಕರೆಂದು ಎಲ್ಲರೂ ನಕ್ಕರು. ವಾರದೊಳಗೆ ಆದೇಶ ಬಂತು: ಸರ್ಕಾರಿ ಕಟ್ಟಡಕ್ಕೆ ಬೇಕೆಂದೇ ಹಾನಿ ಮಾಡಿದ್ದಕ್ಕಾಗಿ ಮಾವ ಸಸ್ಪೆಂಡ್! ಗೋಡೆಯ ತೂತಿಗೆ ಸುಣ್ಣ ಬಳಿದು, ಸ್ಕೂಲು ಶುರು ಮಾಡಿಯೇ ಬಿಟ್ಟರು.

ಮಾವ ದಿನಾ ಬೆಳಿಗ್ಗೆ ಸ್ಕೂಲಿನ ಗೇಟಿನಲ್ಲಿ ನಿಂತು, "ಮಕ್ಕಳನ್ನ ಒಳಗೆ ಕಳಿಸ್ಬೇಡೀಮ್ಮಾ" ಎಂದು ಬಂದವರಿಗೆಲ್ಲ ಕೈ ಮುಗಿಯತೊಡಗಿದರು. ತಾಯಂದಿರು ಮಕ್ಕಳನ್ನು ಅವರಿಂದ ದೂರ ಎಳೆದುಕೊಂಡು ಒಳಗೆ ಬಿಡುತ್ತಿದ್ದರು. ಅತ್ತೆ ಹಪ್ಪಳ ಒತ್ತಿ ಅಂಗಡಿಗೆ ಹಾಕಲು ಶುರು ಮಾಡಿದರು. ಮಂತ್ರ ಮಾತ್ರ ನಿಂತಿರಲಿಲ್ಲ.

ಒಂದು ಸಂಜೆ ದೊಡ್ಡ ಸಾಹೇಬರೇ ಕಾರಿನಲ್ಲಿ ಬಂದರು. "ಕಾಲು ಜಾರ್ತು, ಕೊಡೆ ತಗುಲ್ತು, ಗೋಡೆ ಹಸಿ ಇತ್ತು ಅಂತ ಒಂದು ಸಹಿ ಹಾಕ್ರಿ. ನಾಳೇನೇ ಡ್ಯೂಟಿಗೆ ಬನ್ನಿ. ಪಾಪ, ನಿಮ್ಮ ಮನೆಯವರಾದ್ರೂ ಸುಖವಾಗಿರ್ಲಿ" ಎಂದರು.

ಮಾವ ಅಡುಗೆಮನೆಯ ಕಡೆ ನೋಡಿದರು. ಅತ್ತೆಯ ಅಂಗೈ ಹಪ್ಪಳದ ಖಾರಕ್ಕೆ ಕೆಂಪಾಗಿ ಊದಿಕೊಂಡಿತ್ತು. ಮಾವ, "ಕೊಡಿ ಸಾರ್, ಹಾಕ್ತೀನಿ" ಎಂದುಬಿಟ್ಟರು. ನನಗೆ ನನ್ನ ಕಿವಿಯನ್ನೇ ನಂಬಲಾಗಲಿಲ್ಲ.

ಅತ್ತೆ ಹೊರಗೆ ಬಂದರು. ಗಂಡನ ಮೇಲಧಿಕಾರಿಯ ಎದುರು ಅದುವರೆಗೆ ಬಾಯಿ ತೆರೆದವರಲ್ಲ.

"ಅವ್ರು ಹಾಕಲ್ಲ, ಸಾರ್."

"ನಿಮಗೆ ಗೊತ್ತಾಗಲ್ಲಮ್ಮ..."

"ನಾನೂ ಹೋಗಿ ನೋಡ್ಕೊಂಡು ಬಂದೆ. ಆ ಗೋಡೆಗೇ ಒರಗಿಕೊಂಡು ಕೂತಿರ್ತವೆ, ಪುಟ್ಟ ಪುಟ್ಟ ಮಕ್ಕಳು. ಅವ್ರು ಹಾಕಲ್ಲ. ಕಾಫಿ ಕುಡ್ಕೊಂಡು ಹೊರಡಿ."

ಕಾಫಿ ಕುಡಿಯದೆ ಹೊರಟರು. ಮಾರನೆಯ ಬೆಳಿಗ್ಗೆ ಗೇಟಿನಲ್ಲಿ ಕೈ ಮುಗಿಯುವವರು ಇಬ್ಬರಾದರು. ಹುಚ್ಚನ ಮಾತು ಕೇಳದ ತಾಯಂದಿರು ಅತ್ತೆಯ ಮಾತಿಗೆ ಸ್ವಲ್ಪ ನಿಂತರು. ಕೆಲವರು ಮಕ್ಕಳನ್ನು ವಾಪಸ್ಸು ಕರೆದುಕೊಂಡೂ ಹೋದರು.

ಆಮೇಲೆ ಜೋರು ಮಳೆ ಬಂತು. ಒಂದು ಭಾನುವಾರ ಬೆಳಿಗ್ಗೆ ಆ ಗೋಡೆ ಕುಸಿಯಿತು. ಮುಂದೆ ವಿಚಾರಣೆ ನಡೆದು ಮಾವನಿಗೆ ಕೆಲಸ ವಾಪಸ್ಸು ಸಿಕ್ಕಿತು, ಸ್ಕೂಲನ್ನು ಹೊಸದಾಗಿ ಕಟ್ಟಿದರು, ಕಂಟ್ರಾಕ್ಟರಿಗೆ ಬೇರೆ ಜಿಲ್ಲೆಯಲ್ಲಿ ಬೇರೆ ಕೆಲಸ ಸಿಕ್ಕಿತು. ಸಾಹೇಬರಿಗೆ ಬಡ್ತಿ! ಅದೆಲ್ಲ ಇರಲಿ.

ಆ ಭಾನುವಾರ ಸುದ್ದಿ ಕೇಳಿ ಮೂವರೂ ಓಡಿದೆವು. ಬೀದಿಯ ಜನವೆಲ್ಲ ಸೇರಿತ್ತು. "ನಾನು ಹೇಳಿರ್ಲಿಲ್ವಾ?" ಎಂದು ಮಾವ ಈಗ ಮೆರೆಯುತ್ತಾರೆ ಎಂದುಕೊಂಡೆ. ಮಾವ ಯಾರನ್ನೂ ನೋಡಲಿಲ್ಲ. ಒಳಗೆ ಹೋಗಿ ಮಕ್ಕಳ ಗಿಡ್ಡ ಬೆಂಚಿನ ಮೇಲೆ ಬಿದ್ದಿದ್ದ ಇಟ್ಟಿಗೆಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಟ್ಟರು. ಆಮೇಲೆ ಮುರಿದ ಆ ಬೆಂಚಿನ ಮೇಲೆ ಕೂತು, ಮೊಣಕಾಲಿಗೆ ಮುಖ ಇಟ್ಟು ಗಟ್ಟಿಯಾಗಿ ಅತ್ತುಬಿಟ್ಟರು.

ರಸ್ತೆಯಲ್ಲಿ ಗಂಡನ ಸಮಕ್ಕೆ ನಡೆಯಲೂ ನಾಚುತ್ತಿದ್ದ ಅತ್ತೆ, ಅಷ್ಟು ಜನರ ಎದುರಿಗೇ ಅವರ ಪಕ್ಕದಲ್ಲಿ ಕೂತರು. ಸೆರಗಿನಿಂದ ಅವರ ಮುಖ ಒರೆಸಿದರು.

"ಯಾರೂ ಇರ್ಲಿಲ್ಲ, ಅಲ್ವಾ? ಒಂದು ಮಗೂನೂ ಇರ್ಲಿಲ್ಲ. ಸಾಕು ಬಿಡೀಂದ್ರೆ, ಅಳ್ಬೇಡಿ" ಎನ್ನುತ್ತ ತಾವೂ ಅಳುತ್ತಿದ್ದರು.