ಹೊರಡದ ಮಾಲಿಗೆ ಹೋದ ನೋಟೀಸು

ವಾಗೀಶನಿಗೆ ಸೀನು ಬಂದದ್ದು ಬೆಳಿಗ್ಗೆ ಹತ್ತೂಕಾಲಿಗೆ. ರಾಯದುರ್ಗದ ಜೀನ್ಸ್ ಹೊಲಿಗೆ ಘಟಕದಲ್ಲಿ ಬಟ್ಟೆಯ ಧೂಳಿಗೆ ಸೀನುವುದು ದೊಡ್ಡ ಸಂಗತಿಯೇನಲ್ಲ. ಆದರೆ ಆಗ ಅವನ ಕೈ ಮೌಸಿನ ಮೇಲಿತ್ತು. ಪರದೆಯಲ್ಲಿ ‘ಸೇವ್’, ‘ಸೆಂಡ್’ ಎರಡೂ ಅಕ್ಕತಂಗಿಯರಂತೆ ಅಂಟಿಕೊಂಡು ಕೂತಿದ್ದವು. ಸೀನಿದ ರಭಸಕ್ಕೆ ಬೆರಳು ಅಕ್ಕನನ್ನು ಬಿಟ್ಟು ತಂಗಿಯನ್ನು ಒತ್ತಿಬಿಟ್ಟಿತು.

ಬಳ್ಳಾರಿಯ ಗೋದಾಮಿಗೆ ಮಾಲು ಹೊರಟಾಗ, ಅದು ಮುಟ್ಟುವ ಮುಂಚೆಯೇ ಕಂಪ್ಯೂಟರಿನಲ್ಲಿ ಕಳಿಸಬೇಕಾದ ನೋಟೀಸು ಅದು. ‘ಮೂವತ್ತು ಬಾಕ್ಸು, ಆರುನೂರು ಪ್ಯಾಂಟು ಹೊರಟಿವೆ. ಇಂದು ಸಂಜೆ ಐದಕ್ಕೆ ಮುಟ್ಟುತ್ತವೆ.’ ದಿಬ್ಬಣ ಬಂತು ಅಂತ ಸುದ್ದಿ ಹೋಯಿತು, ದಿಬ್ಬಣದವರು ಇನ್ನೂ ಸ್ನಾನ ಮಾಡಿರಲಿಲ್ಲ! ಪ್ಯಾಂಟುಗಳು ದಾರ ಇಳಿಬಿಟ್ಟುಕೊಂಡು, ಇಸ್ತ್ರಿಯ ಮುಖ ಕಾಣದೆ ಮೂಲೆಯಲ್ಲಿ ಗುಡ್ಡೆ ಬಿದ್ದಿದ್ದವು. ಮಾಲು ಕೊಡಲು ಹತ್ತು ದಿನದ ಗಡುವಿತ್ತಲ್ಲ!

ವಾಗೀಶ ಗೋದಾಮಿನ ಓಬುಲೇಶನಿಗೆ ಫೋನ್ ಮಾಡಿದ. “ಸಾರ್, ತಪ್ಪಾಗಿ ಹೋಗೈತ್ರಿ, ಅದನ್ನ ವಾಪಸ್ ಕಳಿಸ್ರಿ.”

“ನನ್ ಕೈಯಾಗ ಏನೈತ್ರಿ? ಐದಕ್ಕ ಕಂಪ್ಯೂಟರ್ ಕಾಯ್ತೈತಿ. ಮಾಲು ಬರ್ಲಿಲ್ಲಂದ್ರ ನಿಮ್ಮ ಹೆಸರು ಪಟ್ಟಿಯಿಂದ ಹೊಡದಾಕ್ತೈತಿ.”

ಮಾಲೀಕ ಜಯಣ್ಣ ಸುದ್ದಿ ಕೇಳಿ ಕುರ್ಚಿಯಿಂದ ಅರ್ಧ ಎದ್ದವನು ಅಲ್ಲೇ ನಿಂತ. “ಲೇ, ಮಾಲು ಹೋಗ್ಬೇಕು, ಇಲ್ಲಾ ನೀ ಹೋಗ್ಬೇಕು!”

ವಾಗೀಶ ಓಣಿಗೆ ಓಡಿದ. ಪ್ಯಾಂಟಿನ ದಾರ ಕತ್ತರಿಸುವ ಕೆಲಸಕ್ಕೆ ಮುಂದಾಳು ಸುಂಕಮ್ಮ. ಆಕೆ ರೊಟ್ಟಿ ತಟ್ಟುತ್ತಿದ್ದಳು.

“ಸುಂಕಕ್ಕ, ಓಣಿ ಹೆಣ್ಮಕ್ಕಳನ್ನೆಲ್ಲಾ ಕರ್ಕಂಡು ಬರ್ರಿ! ಈಗ್ಲೇ!”

“ಯಾಕಪ್ಪ, ಬೆಂಕಿ ಬಿತ್ತೇನು?”

“ಬೆಂಕಿ ಆಗಿದ್ರ ನೀರು ಹಾಕ್ತಿದ್ವಿ, ಬರ್ರಿ!”

ಅರ್ಧ ಗಂಟೆಯಲ್ಲಿ ಇಪ್ಪತ್ತು ಹೆಂಗಸರು ಕತ್ತರಿ ಹಿಡಿದು ಕೂತರು. ಕಿಚಕಿಚ ಕಿಚಕಿಚ! ಬಂದವರೆಲ್ಲ ಕೈಯಷ್ಟೇ ಬಾಯನ್ನೂ ಆಡಿಸಿದರು. ಒಬ್ಬಳು ವಾಗೀಶನಿಗೆ ಸೀನಿಗೆ ಕಷಾಯ ಹೇಳಿದಳು, ಇನ್ನೊಬ್ಬಳು ಮದುವೆ ಆದರೆ ಸೀನು ನಿಲ್ಲುತ್ತದೆ ಎಂದಳು. ಇಸ್ತ್ರಿಯ ಹಬೆಯಲ್ಲಿ ಜಯಣ್ಣನೇ ಅಂಗಿ ಬಿಚ್ಚಿ ನಿಂತಿದ್ದ. ಎರಡೂವರೆಗೆ ಮೂವತ್ತನೇ ಬಾಕ್ಸಿನ ಬಾಯಿಗೆ ಟೇಪು ಬಿತ್ತು.

ಹೊರಗೆ ಬಂದು ನೋಡಿದರೆ ಲಾರಿಯೇ ಇಲ್ಲ. ಭತ್ತ ಹೇರಲು ಕಣೇಕಲ್ಲಿಗೆ ಹೋಗಿತ್ತು! ಓಣಿಯ ತುದಿಯಲ್ಲಿ ಬೊಮ್ಮಪ್ಪನ ಕುರಿ ಗಾಡಿ ಕಂಡಿತು. ಒಳಗೆ ಆರು ಟಗರುಗಳಿದ್ದವು.

“ಬೊಮ್ಮಪ್ಪ, ಬಳ್ಳಾರಿಗೆ ನಡಿ!”

“ಕುರಿ ಇಳಿಸಂಗಿಲ್ಲ. ಸಂತಿಗೆ ಒಯ್ಯೋವು.”

“ಅವೂ ಇರ್ಲಿ ಬಿಡು!”

ಮೂವತ್ತು ಬಾಕ್ಸು, ಆರು ಟಗರು, ನಡುವೆ ವಾಗೀಶ. ಅರ್ಧ ದಾರಿಯಲ್ಲಿ ಕರಕರ ಸದ್ದು ಕೇಳಿ ತಿರುಗಿದರೆ, ಒಂದು ಟಗರು ಬಾಕ್ಸಿನ ಮೇಲಿನ ಕಪ್ಪು ಗೆರೆಗಳ ಚೀಟಿಯನ್ನು ಹುರುಳಿ ಹೊಟ್ಟಿನಂತೆ ಮೇಯುತ್ತಿತ್ತು. ಆ ಚೀಟಿ ಇಲ್ಲದೆ ಗೋದಾಮಿನ ಯಂತ್ರ ಬಾಕ್ಸನ್ನು ಗುರುತಿಸುವುದಿಲ್ಲ. ವಾಗೀಶ ಟಗರಿನ ಬಾಯಿಗೆ ಕೈ ಹಾಕಿ ಜಗ್ಗಾಡಿದ. ಕೈಗೆ ಸಿಕ್ಕಿದ್ದು ಒದ್ದೆಯಾದ ಒಂದು ತುಂಡು. ಉಳಿದರ್ಧ ಬಾಕ್ಸಿಗೇ ಅಂಟಿಕೊಂಡಿತ್ತು.

ಐದಕ್ಕೆ ಎರಡು ನಿಮಿಷವಿದ್ದಾಗ ಗಾಡಿ ಗೋದಾಮಿನ ಬಾಗಿಲಿಗೆ ನುಗ್ಗಿತು. ಓಬುಲೇಶ ಒಂದೊಂದೇ ಬಾಕ್ಸಿಗೆ ಯಂತ್ರ ಹಿಡಿದ. ಟುಂಯ್, ಟುಂಯ್, ಇಪ್ಪತ್ತೊಂಬತ್ತು ಆಯಿತು. ಮೂವತ್ತನೆಯದಕ್ಕೆ ಯಂತ್ರ ಮೌನ. ವಾಗೀಶ ಒದ್ದೆ ತುಂಡನ್ನು ಅಂಗಿಗೆ ಒರೆಸಿ, ಉಳಿದ ಅರ್ಧಕ್ಕೆ ಗೆರೆಗೆ ಗೆರೆ ಸೇರಿಸಿ ಹಿಡಿದು ಕಣ್ಣು ಮುಚ್ಚಿದ.

ಟುಂಯ್!

“ನೋಟೀಸು, ಮಾಲು, ಟೈಮು ಮೂರೂ ಸರಿ ಐತ್ರಿ!” ಓಬುಲೇಶ ಕೈ ಕುಲುಕಿದ. ವಾಗೀಶ ಬೊಮ್ಮಪ್ಪನನ್ನು ತಬ್ಬಿಕೊಂಡು ಕುಣಿದೇಬಿಟ್ಟ.

ಅಷ್ಟರಲ್ಲಿ ಪರದೆಯ ಮೇಲೆ ಏನೋ ಮಿನುಗಿತು. ಓಬುಲೇಶ ಓದಿದ. “ಅದೃಷ್ಟವಂತರು ಕಣ್ರಿ ನೀವು. ಹೊಸ ಆರ್ಡರು ಬಂದೈತಿ. ಸಾವಿರದ ಇನ್ನೂರು ಪ್ಯಾಂಟು, ನಾಳೆ ಸಂಜೆ ಐದಕ್ಕ.”

“ನಾಳೆನಾ? ಹತ್ತು ದಿನ ಕೊಡ್ತಿದ್ರಲ್ರಿ!”

“ಅದು ನಿಧಾನಸ್ಥರಿಗೆ. ಹತ್ತು ದಿನದ ಕೆಲಸ ಒಂದೇ ದಿನದಾಗ ಮಾಡ್ತೀರಿ ಅಂತ ಕಂಪ್ಯೂಟರ್ ಬರ್ಕಂಡೈತಿ. ಇನ್ಮ್ಯಾಲ ನಿಮಗ ದಿನಾ ಹಿಂಗ.”

ವಾಗೀಶ ಗಾಬರಿಯಿಂದ ಜಯಣ್ಣನಿಗೆ ಫೋನ್ ಹಚ್ಚಿದ. ಆ ಕಡೆಯಿಂದ ಸಂತೋಷ ಉಕ್ಕಿ ಹರಿಯಿತು. “ಆರ್ಡರು ಇಲ್ಲೂ ಕಂಪ್ಯೂಟರ್‌ನಾಗ ನೋಡಿದೆ ಕಣಲೇ, ನೋಡಿದೆ! ಆಗ್ಲೇ ಒಪ್ಕಂಡುಬಿಟ್ಟೆ! ಇರು, ಸುಂಕಮ್ಮ ಏನೋ ಮಾತಾಡ್ಬೇಕಂತ.”

ಫೋನು ಕೈ ಬದಲಾಯಿತು.

“ವಾಗೀಶಪ್ಪ,” ಸುಂಕಮ್ಮನ ದನಿ ಬಲು ಮೆತ್ತಗಿತ್ತು, “ಇಪ್ಪತ್ತು ಮಂದೀನೂ ಇಲ್ಲೇ ಬಾಗಿಲಾಗ ನಿಂತೀವಿ, ಕತ್ತರಿ ಕೆಳಗಿಟ್ಟಿಲ್ಲ. ಬೇಗ ಬಂದ್ಬಿಡಪ್ಪ.”