ಫೋಲ್ಡರ್ ಬದಲಿಸಿದವರು

ಬಂದರಿನ ಹತ್ತಿರದ ಮಂಗೋರ್ ಹಿಲ್ ಬಡಾವಣೆಯ ಒಂದು ಫೋಟೋ ಸ್ಟುಡಿಯೋದಲ್ಲಿ ನಾನು ಕಂಪ್ಯೂಟರ್ ಮುಂದೆ ಕೂರುತ್ತಿದ್ದೆ. ಫೋಟೋಗಳನ್ನು ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಹಾಕುವುದು ನನ್ನ ಕೆಲಸ. ಅದರಲ್ಲಿ ನಗುವಂಥದ್ದೇನು ಎನ್ನಬೇಡಿ. ದಿನಾ ಒಂದಲ್ಲ ಒಂದು ನಡೆಯುತ್ತಿತ್ತು. ನಕ್ಕ ಮೇಲೆ ಮನಸ್ಸು ಭಾರವಾಗುತ್ತಿತ್ತು, ಅಷ್ಟೇ.

ಬಾಣದ ಗುರುತು

ದೂರದ ಕೆಪೆ ಊರಿನಲ್ಲಿ ಕೆಲಸಕ್ಕಿದ್ದ ಗೌಂಡಿಯೊಬ್ಬ ಮಗಳ ತೊಟ್ಟಿಲ ಫೋಟೋಗಳನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಹೋದ. ಹಾಕಿಕೊಟ್ಟವರು ನಮ್ಮ ಮಾಲೀಕರು. ಫೋಟೋ ಬದಲು ಬರೀ ಶಾರ್ಟ್‌ಕಟ್ ಹೋಗಿತ್ತು. ಮುಂದಿನ ಭಾನುವಾರ ಬಂದಾಗ ಅವನ ಮುಖ ಬಾಡಿತ್ತು.

"ಇದರಾಗ ಕೂಸೇ ಇಲ್ರಿ. ಬರೇ ಬಾಣದ ಗುರ್ತು ಐತಿ."

ಮಾಲೀಕರು ಸೋಲೊಪ್ಪುವವರಲ್ಲ. "ಫೋಟೋ ಇಲ್ಲೇ ಅಂಗಡ್ಯಾಗ ಅದಾವ. ಅದು ದಾರಿ ತೋರಸ್ತದ ಅಷ್ಟ."

"ದಾರಿ ನನಗ ಗೊತ್ತೈತ್ರಿ. ಎರಡು ಬಸ್ ಬದಲಿಸಿ ಅದ ದಾರೀಲೆ ಬಂದೇನಿ!"

ಹಾರುವ ಹಾಳೆಗಳು

ಬಂದರಿನಲ್ಲಿ ಮೂಟೆ ಹೊತ್ತು ಸೊಂಟ ಕಳೆದುಕೊಂಡ ಹಮಾಲರೊಬ್ಬರು ತಮ್ಮನ ಮದುವೆಯ ಫೋಟೋಗಳಿಗಾಗಿ ಕಾದಿದ್ದರು. ಪರದೆಯ ಮೇಲೆ ಈ ಫೋಲ್ಡರಿನಿಂದ ಆ ಫೋಲ್ಡರಿಗೆ ಒಂದೊಂದೇ ಹಾಳೆ ಹಾರುತ್ತಿತ್ತು. ಬಹಳ ಹೊತ್ತು ನೋಡಿ ನಿಟ್ಟುಸಿರು ಬಿಟ್ಟರು.

"ನಾವೂ ಹಿಂಗ ಒಂದೊಂದ ಹಾಳಿ ಹೊತ್ತಿದ್ರ ಸೊಂಟ ಉಳೀತಿತ್ತು. ನಿಮ್ಮ ಕಂಪ್ಯೂಟರಿಗೆ ಮುಕಾದಮ ಇಲ್ಲೇನ್ರಿ, ಲಗೂನ ಹೊರು ಅಂತ ಬೈಯಾಕ?"

ಬೇರೆ ಮನೆ

ನಮ್ಮ ಕೇರಿಯ ಅಕ್ಕ ಒಬ್ಬರ ಗಂಡ ಕಟ್ಟಡದ ಮೇಲಿಂದ ಬಿದ್ದು ತೀರಿಕೊಂಡಿದ್ದರು. ಅವರದೆಂದು ಉಳಿದದ್ದು ನಮ್ಮ ಕಂಪ್ಯೂಟರಿನಲ್ಲಿದ್ದ ಒಂದೇ ಫೋಟೋ. ಅದು ಹೆಂಡತಿ, ಮಗಳ ಫೋಟೋಗಳ ಜೊತೆ ಒಂದೇ ಫೋಲ್ಡರಿನಲ್ಲಿತ್ತು. ಅಕ್ಕ ಬಂದವರೇ ಹೇಳಿದರು: "ಇದ್ದೋರ ಜೋಡಿ ಹೋದೋರ ಫೋಟೋ ಇಡಬಾರದು ತಮ್ಮಾ. ಮಗಳಿಗೆ ವರ ನೋಡಾಕತ್ತೇವಿ. ಅವರನ್ನ ಬ್ಯಾರೆ ಕಡೆ ಇಡು."

ಹೊಸ ಫೋಲ್ಡರ್ ಮಾಡಿದೆ. ಕಟ್ ಮಾಡಿ ಅದರಲ್ಲಿ ಹಾಕಿದೆ. ಹಳೆಯದರಿಂದ ಫೋಟೋ ಮಾಯವಾಯಿತು. ಅಕ್ಕ ಸೆರಗು ಬಾಯಿಗೆ ಒತ್ತಿ ಅಳತೊಡಗಿದರು. "ಇದ್ದದ್ದ ಒಂದು! ಕಳದೀಯೇನೋ?"

"ಇಲ್ರಿ ಅಕ್ಕಾ. ಕಟ್ ಮಾಡಿದ್ರ ಇಲ್ಲಿಂದ ಹೋಗ್ತದ, ಅಲ್ಲಿ ಇರ್ತದ. ಕಾಪಿ ಮಾಡಿದ್ರ ಎರಡೂ ಕಡೆ ಇರ್ತದ." ಹೊಸ ಫೋಲ್ಡರ್ ತೆರೆದು ತೋರಿಸಿದೆ. ಗಂಡ ಅಲ್ಲಿದ್ದರು, ಒಬ್ಬರೇ.

ಅಕ್ಕ ಕಣ್ಣೊರೆಸಿಕೊಂಡು ಪರದೆಯ ಹತ್ತಿರ ಬಾಗಿದರು.

"ಒಬ್ಬರ ಇದ್ರ ಊಟ ಸೇರತಿರಲಿಲ್ಲ ಅವರಿಗೆ. ನಂದೂ ಒಂದು ಅಲ್ಲಿಡು."

ನಾನು ಮೌಸ್ ಹಿಡಿದೆನೋ ಇಲ್ಲವೋ, ಅಕ್ಕ ಗಪ್ಪನೆ ನನ್ನ ಕೈ ಹಿಡಿದರು.

"ಕಟ್ ಬ್ಯಾಡೋ ತಮ್ಮಾ, ಕಾಪಿ ಮಾಡು! ಮಗಳ ಲಗ್ನ ಆಗೂತನಕ ನಾನು ಈ ಕಡೆನೂ ಇರಬೇಕು."